ಮನೆ ಫೈರ್‌ವಾಲ್ ಲಾಗ್‌ನಲ್ಲಿ ಈ ಪಾಟಿ ಸ್ಕ್ಯಾನಿಂಗ್, ನಿಮಗೂ ಹೀಗೇನಾ?

ಮಂಡಗದ್ದೆ ಹಕ್ಕಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಫೈಬರ್ ಬಂದ ಮೇಲೆ ಆಫೀಸ್ ಕೆಲಸಕ್ಕೆ ಬೇಕು ಅಂತ ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತೆಗೆದುಕೊಂಡೆ. ಐಎಸ್‌ಪಿಯವರು (ಇಂಟರ್ನೆಟ್ ಕೊಡುವ ಕಂಪನಿ) ಕೊಟ್ಟ ಡಬ್ಬವನ್ನು ಬ್ರಿಡ್ಜ್ ಮೋಡ್‌ಗೆ (ಬರೀ ಲೈನ್ ದಾಟಿಸುವ ಹಾಗೆ) ಹಾಕಿ, ಅದರ ಹಿಂದೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ರೂಟರ್ ಸಾಫ್ಟ್‌ವೇರ್ ಹಾಕಿದ ಸಣ್ಣ ರೂಟರ್ ಇಟ್ಟಿದ್ದೇನೆ. ಹೊರಗಿನಿಂದ ಬಂದು ಫೈರ್‌ವಾಲ್‌ನಲ್ಲಿ (ಬೇಡದ್ದನ್ನು ತಡೆಯುವ ಕಾವಲು) ಡ್ರಾಪ್ ಆಗುವ, ಅಂದರೆ ಉತ್ತರವಿಲ್ಲದೆ ಬಿಸಾಡುವ ಪ್ಯಾಕೆಟ್‌ಗಳನ್ನೆಲ್ಲ ಕಳೆದ ಮಳೆಗಾಲದಿಂದ ಲಾಗ್ ಮಾಡುತ್ತಾ ಬಂದಿದ್ದೇನೆ.

ನಾನು ಯಾವ ಪೋರ್ಟನ್ನೂ (ಹೊರಗಿನಿಂದ ಒಳಬರುವ, ನಂಬರ್ ಇರುವ ಬಾಗಿಲು) ತೆರೆದಿಲ್ಲ. ವೆಬ್‌ಸೈಟ್ ಇಲ್ಲ, ಏನೂ ಇಲ್ಲ. ಆದರೂ ಯಾವ ಪೋರ್ಟ್ ತೆರೆದಿದೆ ಅಂತ ತಡಕುವ ಸ್ಕ್ಯಾನಿಂಗ್ ಒಂದು ನಿಮಿಷ ಸುಮ್ಮನಿರುವುದಿಲ್ಲ, ರಾತ್ರಿ ಎರಡು ಗಂಟೆಗೂ ಅಷ್ಟೇ, ಮಧ್ಯಾಹ್ನವೂ ಅಷ್ಟೇ.

ನನಗೆ ಕಂಡ ಬದಲಾವಣೆ ಹೇಳುತ್ತೇನೆ. ಶುರುವಿನಲ್ಲಿ 23 ಅಂದರೆ ಟೆಲ್ನೆಟ್ (ದೂರದಿಂದ ಲಾಗಿನ್ ಆಗುವ ಹಳೇ ವಿಧಾನ), ಆಮೇಲೆ 22, 3389 ಪೋರ್ಟ್‌ಗಳು, ಇವೇ ಜಾಸ್ತಿ. ಟೆಲ್ನೆಟ್ ಈಗಲೂ ಇದೆ, ಹೋಗಿಲ್ಲ. ಆದರೆ ಅದರ ಜೊತೆಗೆ 5555, 8728, 6379, 37215 ಅಂತ ಉದ್ದ ಬಾಲವೇ ಬೆಳೆದಿದೆ. ಹೆಸರೇ ಇಲ್ಲದ ಐದಂಕಿ ಪೋರ್ಟ್‌ಗಳಿಗೂ ಬರುತ್ತಾರೆ. ಇನ್ನೊಂದು, ಮೊದಲು ಒಂದೇ ಐಪಿ ಸಾಲಾಗಿ ಹತ್ತಾರು ಪೋರ್ಟ್ ಮುಟ್ಟಿ ಹೋಗುತ್ತಿತ್ತು. ಈಗ ಒಂದು ಐಪಿ ಒಂದು ಪೋರ್ಟ್ ಮುಟ್ಟಿ ಮಾಯ. ಸ್ವಲ್ಪ ಹೊತ್ತಿಗೆ ಅದರ ಪಕ್ಕದ ಐಪಿ ಮುಂದಿನ ಪೋರ್ಟ್‌ಗೆ ಬರುತ್ತದೆ.

ಶಿವಮೊಗ್ಗ, ಸಾಗರ, ಕೊಪ್ಪ ಕಡೆಯವರು ಯಾರಾದರೂ ನೋಡುತ್ತಿದ್ದೀರಾ? ಬ್ಲಾಕ್ ಮಾಡಿ ಪ್ರಯೋಜನ ಇದೆಯಾ? ಯಾರಿಗಾದರೂ ದೂರು ಕೊಡಬೇಕಾ?

ಕೋಟೆ ರಸ್ತೆ

ಐಪಿ ಪಟ್ಟಿ ಮಾಡಿ ಬ್ಲಾಕ್ ಮಾಡಿ. ಸುಲಭದ ದಾರಿ ಅಂದರೆ ಭಾರತ ಬಿಟ್ಟು ಬೇರೆ ದೇಶಗಳನ್ನೆಲ್ಲ ಬ್ಲಾಕ್ ಮಾಡುವುದು. ನಾನು ಹಾಗೇ ಮಾಡಿದ್ದೇನೆ, ನೆಮ್ಮದಿಯಾಗಿದ್ದೇನೆ.

ಸೊರಬದವನು, ಈಗ ಬೆಂಗಳೂರು

ಕೋಟೆ ರಸ್ತೆಯವರೇ, ಒಪ್ಪುವುದಿಲ್ಲ. ಅವರ ಫೈರ್‌ವಾಲ್ ಈಗಾಗಲೇ ಎಲ್ಲವನ್ನೂ ಡ್ರಾಪ್ ಮಾಡುತ್ತಿದೆ. ಡ್ರಾಪ್ ಆಗುವುದನ್ನು ಮತ್ತೆ ಬ್ಲಾಕ್ ಮಾಡಿದರೆ ಏನು ಸಿಕ್ಕಿತು? ರೂಟರ್‌ನ ಮೆಮೊರಿ ತುಂಬುತ್ತದೆ, ಅಷ್ಟೇ.

ಮೊದಲು ಲೆಕ್ಕ ನೋಡಿ. ಐಪಿವಿ4 (ಇಂಟರ್ನೆಟ್‌ನ ಹಳೇ ಮಾದರಿ) ವಿಳಾಸ ಒಟ್ಟು ಇರುವುದೇ ಸುಮಾರು 429 ಕೋಟಿ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಅನ್ನುವ ಟೂಲ್ ಬಿಟ್ಟರು. ಒಂದು ಸಾಮಾನ್ಯ ಕಂಪ್ಯೂಟರ್, ಒಂದು ಗಿಗಾಬಿಟ್ ಲೈನ್ ಇದ್ದರೆ ಇಡೀ ಐಪಿವಿ4 ಜಾಗದಲ್ಲಿ ಒಂದು ಪೋರ್ಟನ್ನು 45 ನಿಮಿಷದ ಒಳಗೆ ನೋಡಿ ಮುಗಿಸಬಹುದು ಅಂತ ತೋರಿಸಿದರು. ಆಮೇಲೆ ಬಂದ ಮಾಸ್‌ಸ್ಕ್ಯಾನ್ ಇನ್ನೂ ವೇಗ. ಅಂದರೆ ನಿಮ್ಮನ್ನು ಯಾರೂ ಹುಡುಕಿಕೊಂಡು ಬರುತ್ತಿಲ್ಲ. ಎಲ್ಲರನ್ನೂ ಮುಟ್ಟುವವರಿಗೆ ನೀವೂ ಸಿಗುತ್ತೀರಿ.

ತೋಟಕ್ಕೆ ಮಂಗನ ಹಿಂಡು ಬಂದ ಹಾಗೆ ಅಂದುಕೊಳ್ಳಿ. ಅವಕ್ಕೆ ನಿಮ್ಮ ಮೇಲೆ ದ್ವೇಷ ಇಲ್ಲ, ಬಾಳೆ ಎಲ್ಲಿ ಕೈಗೆ ಸಿಗುತ್ತದೋ ಅಲ್ಲಿ ಇಳಿಯುತ್ತವೆ.

ಅಡಿಕೆ ಅಂಗಳ

ನನಗೆ ಈ ನಂಬರ್‌ಗಳು ಅರ್ಥ ಆಗಲ್ಲ, ಆದರೆ ಓದಿ ಹೆದರಿಕೆ ಆಯ್ತು. ಹೊಸನಗರದ ಹತ್ತಿರ ನಮ್ಮ ಮನೆ. ಕೊಯ್ಲಿನ ಟೈಮಲ್ಲಿ ಅಂಗಳದಲ್ಲಿ ಅಡಿಕೆ ಒಣಗುತ್ತಾ ಇರುತ್ತದೆ, ಕಳ್ಳರ ಕಾಟ ಅಂತ ನಾಲ್ಕು ಕ್ಯಾಮೆರಾ ಹಾಕಿಸಿದ್ದೇವೆ. ಮಗ ಹೊರದೇಶದಲ್ಲಿ ಕೂತು ಫೋನಲ್ಲಿ ನೋಡುತ್ತಾನೆ. ಅವನು ನೋಡಬಹುದು ಅಂದರೆ ಬೇರೆಯವರೂ ನೋಡಬಹುದಾ?

ಸೊರಬದವನು, ಈಗ ಬೆಂಗಳೂರು

ಹೇಗೆ ಹಾಕಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ ಸರ್. ಮಗ ಆ್ಯಪ್‌ನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ನೋಡುತ್ತಾರಾ, ಅಥವಾ ಒಂದು ಐಪಿ ನಂಬರ್, ಪೋರ್ಟ್ ನಂಬರ್ ಹಾಕಿ ನೋಡುತ್ತಾರಾ? ಎರಡನೆಯದಾದರೆ ಇವತ್ತೇ ರೂಟರ್ ನೋಡಬೇಕು.

ಭದ್ರಾವತಿ ಕ್ಯಾಮೆರಾ

ನಾನು ಸಿಸಿಟಿವಿ ಹಾಕುವ ಕೆಲಸ ಮಾಡುವವನು. ನಮ್ಮವರನ್ನು ಬೈಯುವ ಮೊದಲು ಒಂದು ಮಾತು. ಗಿರಾಕಿ ಹೇಳುವುದು ಒಂದೇ, 'ಫೋನಲ್ಲಿ ಕಾಣಬೇಕು'. ಹಿಂದೆ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ನೇರ ಒಳಗೆ ಬಾಗಿಲು ತೆರೆಯುವುದು) ಬಿಟ್ಟರೆ ದಾರಿ ಇರಲಿಲ್ಲ. ಈಗ ಹೆಚ್ಚಿನ ಡಿವಿಆರ್ (ಕ್ಯಾಮೆರಾ ರೆಕಾರ್ಡ್ ಮಾಡುವ ಡಬ್ಬ) ಕ್ಯೂಆರ್ ಮೇಲೆ ನಡೆಯುತ್ತವೆ. ಆದರೆ ಹಳೇ ಡಿವಿಆರ್‌ಗಳು ಎಷ್ಟೋ ಮನೆಯಲ್ಲಿ ಹಾಗೇ ಓಡುತ್ತಿವೆ. ಪಾಸ್‌ವರ್ಡ್ ಬದಲಿಸಿ ಕೊಟ್ಟರೆ ಮರೆತು ಫೋನ್ ಮಾಡುತ್ತಾರೆ, ಸಾಗರದ ಆಚೆ ತುಮರಿ ತನಕ ಹೋಗಿ ರೀಸೆಟ್ ಮಾಡಿ ಬರಬೇಕು. ಅದಕ್ಕೇ ಕೆಲವರು ಫ್ಯಾಕ್ಟರಿ ಪಾಸ್‌ವರ್ಡನ್ನೇ ಬಿಟ್ಟು ಬರುತ್ತಾರೆ. ಸರಿ ಅಂತ ಹೇಳುತ್ತಿಲ್ಲ. ಯಾಕೆ ಹಾಗಾಗುತ್ತದೆ ಅಂತ ಹೇಳುತ್ತಿದ್ದೇನೆ.

ವಿನೋಬನಗರ ಲಿನಕ್ಸ್

ಭದ್ರಾವತಿಯವರೇ, ಆ ಒಂದು ಅಭ್ಯಾಸದಿಂದಲೇ 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಹುಟ್ಟಿ ಬೆಳೆದಿದ್ದು. 23 ಮತ್ತು 2323 ಪೋರ್ಟ್‌ಗೆ ಹೋಗಿ ಅರವತ್ತರ ಆಸುಪಾಸಿನ ಫ್ಯಾಕ್ಟರಿ ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುವುದು, ಅದರ ಬುದ್ಧಿ ಅಷ್ಟೇ. ಅಷ್ಟರಲ್ಲೇ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೂಟರ್ ಸಿಕ್ಕಿಬಿದ್ದವು. ಅದೇ ವರ್ಷ ಅಕ್ಟೋಬರ್ 21ಕ್ಕೆ ಡೈನ್ ಅನ್ನುವ ಡಿಎನ್‌ಎಸ್ (ವೆಬ್ ಹೆಸರಿಗೆ ಐಪಿ ಹುಡುಕಿಕೊಡುವ) ಕಂಪನಿ ಮೇಲೆ ಅವನ್ನೆಲ್ಲ ಒಟ್ಟಿಗೆ ನುಗ್ಗಿಸಿ ಟ್ವಿಟರ್, ನೆಟ್‌ಫ್ಲಿಕ್ಸ್ ತರದ ದೊಡ್ಡ ಸೈಟ್‌ಗಳನ್ನು ಗಂಟೆಗಟ್ಟಲೆ ಬೀಳಿಸಿದರು. ಆಮೇಲೆ ಸೋರ್ಸ್ ಕೋಡ್ ಬಯಲಾಯಿತು ಅನ್ನುತ್ತಾರೆ ಕೆಲವರು. ಅಲ್ಲ, ಡೈನ್ ದಾಳಿಗೆ ಮೊದಲೇ ಬಯಲಾಗಿತ್ತು. ಇವತ್ತಿಗೂ ಅದರ ಮರಿಗಳೇ ತಿರುಗುತ್ತಿವೆ.

ಹಕ್ಕಿಯವರೇ, ನಿಮ್ಮ ಲಾಗ್‌ನಲ್ಲೇ ಮಿರಾಯ್ ಮರಿ ಹಿಡಿಯಬಹುದು. ಮೂಲ ಮಿರಾಯ್ ಕಳಿಸುವ ಎಸ್‌ವೈಎನ್ (ಸಂಪರ್ಕ ಶುರು ಮಾಡುವ) ಪ್ಯಾಕೆಟ್‌ನ ಸೀಕ್ವೆನ್ಸ್ ನಂಬರ್ ಮತ್ತು ಗುರಿ ಐಪಿ ವಿಳಾಸ ಎರಡೂ ಒಂದೇ ಆಗಿರುತ್ತವೆ. ಟಿಸಿಪಿ ಸೀಕ್ವೆನ್ಸ್ ಲಾಗ್ ಆಗುವ ಹಾಗೆ ಮಾಡಿ, ನಿಮ್ಮ ಐಪಿಯನ್ನು ಒಂದೇ ಅಂಕಿಯಾಗಿ ಬದಲಿಸಿ ಹೋಲಿಸಿ. ಹಳೆಯ ಝಡ್‌ಮ್ಯಾಪ್ ಆದರೆ ಐಪಿ ಐಡಿ (ಪ್ಯಾಕೆಟ್‌ನ ಗುರುತಿನ ಅಂಕಿ) ಯಾವಾಗಲೂ 54321.

ಮಂಡಗದ್ದೆ ಹಕ್ಕಿ

ನೋಡಿದೆ! 23ಕ್ಕೆ ಬಂದದ್ದರಲ್ಲಿ ಸುಮಾರು ಸಾಲು ಹಾಗೇ ಇವೆ. 54321 ಕೂಡ ಸಿಕ್ಕಿತು. ಇದು ಗೊತ್ತೇ ಇರಲಿಲ್ಲ, ತುಂಬಾ ಥ್ಯಾಂಕ್ಸ್.

ಕೊಪ್ಪ ಕಾಫಿ

'ಜಾಸ್ತಿ ಆಗಿದೆ' ಅನ್ನುವುದನ್ನು ಹೇಗೆ ಅಳೆದಿರಿ? ಅದು ಹೇಳದೆ ಉಳಿದದ್ದೆಲ್ಲ ಊಹೆ.

ಲಾಗ್‌ನಲ್ಲಿ ಒಂದು ಸಾಲು ಅಂದರೆ ಒಂದು ಪ್ಯಾಕೆಟ್, ಒಂದು ಸ್ಕ್ಯಾನ್ ಅಲ್ಲ. ಉತ್ತರ ಬರದಿದ್ದರೆ ಕೆಲವು ಯಂತ್ರಗಳು ಅದೇ ಎಸ್‌ವೈಎನ್ ಅನ್ನು ಮತ್ತೆ ಮತ್ತೆ ಕಳಿಸುತ್ತವೆ, ಅದು ಮೂರ್ನಾಲ್ಕು ಸಾಲಾಗಿ ಕಾಣುತ್ತದೆ. ಎರಡನೆಯದು, ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಲಾಗ್‌ಗೆ ಮಿತಿ ಇರುತ್ತದೆ. ಮುಟ್ಟದಿದ್ದರೆ ನಿಮಿಷಕ್ಕೆ 10 ಸಾಲು. ಅದಕ್ಕಿಂತ ಹೆಚ್ಚು ಬಂದರೂ ಲಾಗ್‌ಗೆ ಬೀಳುವುದಿಲ್ಲ. ಮೂರನೆಯದು, ಬಂದದ್ದೆಲ್ಲ ಸ್ಕ್ಯಾನ್ ಅಲ್ಲವೇ ಅಲ್ಲ. ನಿಮಗಿಂತ ಮೊದಲು ಆ ಐಪಿ ಇದ್ದವರು ಟೊರೆಂಟ್ ನಡೆಸುತ್ತಿದ್ದರೆ ಅವರನ್ನು ಹುಡುಕಿಕೊಂಡು ಯುಡಿಪಿ (ಸಂಪರ್ಕ ಕಟ್ಟದೆ ಕಳಿಸುವ ಮಾದರಿ) ಪ್ಯಾಕೆಟ್‌ಗಳು ಬರುತ್ತಲೇ ಇರುತ್ತವೆ. ಇನ್ನು ಕೆಲವು ಎಸ್‌ವೈಎನ್-ಎಸಿಕೆ (ಎಸ್‌ವೈಎನ್‌ಗೆ ಕೊಡುವ ಉತ್ತರ) ಆಗಿ ಬರುತ್ತವೆ. ಯಾರೋ ಸುಳ್ಳು ವಿಳಾಸ ಹಾಕಿ ಇನ್ಯಾರಿಗೋ ಹೊಡೆದಿರುತ್ತಾರೆ, ಆ ಸುಳ್ಳು ವಿಳಾಸ ನಿಮ್ಮದಾಗಿರುತ್ತದೆ. ಪೆಟ್ಟು ತಿಂದವನು ನಿಮಗೆ ಉತ್ತರ ಕಳಿಸುತ್ತಾನೆ. ಅವನ ಐಪಿಯನ್ನು 'ದಾಳಿಕೋರ' ಅಂತ ಬ್ಲಾಕ್ ಪಟ್ಟಿಗೆ ಹಾಕಿದರೆ ಅದಕ್ಕಿಂತ ಅನ್ಯಾಯ ಇಲ್ಲ.

ಲಾಗ್‌ನಲ್ಲಿ 445 (ವಿಂಡೋಸ್ ಫೈಲ್ ಹಂಚಿಕೆಯ ಪೋರ್ಟ್) ಕಾಣದಿದ್ದರೆ ಅದನ್ನು ಯಾರೂ ತಡಕುತ್ತಿಲ್ಲ ಅನ್ನುವ ತೀರ್ಮಾನಕ್ಕೂ ಬರಬೇಡಿ. 2017ರ ಮೇ ತಿಂಗಳ ವನ್ನಾಕ್ರೈ ಮಾಲ್‌ವೇರ್ ಹರಡಿದ್ದೇ ಆ ಪೋರ್ಟ್ ಮೇಲೆ, ಎಷ್ಟೋ ಐಎಸ್‌ಪಿಗಳು ಅದನ್ನು ತಮ್ಮಲ್ಲೇ ತಡೆಯುತ್ತವೆ.

ಮಂಡಗದ್ದೆ ಹಕ್ಕಿ

ಮಿತಿ ಮೊದಲೇ ಎತ್ತಿದ್ದೇನೆ. ನಾನು ಸಾಲು ಎಣಿಸುವುದಿಲ್ಲ, ದಿನಕ್ಕೆ ಎಷ್ಟು ಬೇರೆ ಬೇರೆ ಐಪಿ, ಎಷ್ಟು ಬೇರೆ ಬೇರೆ ಪೋರ್ಟ್ ಅಂತ ನೋಡುತ್ತೇನೆ. ಬರೀ ಎಸ್‌ವೈಎನ್ ಮಾತ್ರ. ಹೆಚ್ಚಾಗಿರುವುದು ಈ ಎರಡನೆಯ ಲೆಕ್ಕ, ಪೋರ್ಟ್‌ಗಳ ಹರವು. ಟೊರೆಂಟ್ ವಿಷಯ ಸರಿ, ಯುಡಿಪಿಯನ್ನು ಬೇರೆ ಇಡುತ್ತೇನೆ.

ಕೊಪ್ಪ ಕಾಫಿ

ಹಾಗಾದರೆ ನಿಮ್ಮ ಮಾತು ನಿಲ್ಲುತ್ತದೆ. ಕಾರಣವೂ ಇದೆ. ಜನ ಪೋರ್ಟ್ ಬದಲಿಸಿ 'ಬಚ್ಚಿಟ್ಟಿದ್ದೇನೆ' ಅಂತ ಕೂತರು. ಸ್ಕ್ಯಾನ್ ಮಾಡುವವರು ಎಲ್ಲ 65,535 ಪೋರ್ಟನ್ನೂ ನೋಡಲು ಶುರು ಮಾಡಿದರು. ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ಅನ್ನು 22ರಿಂದ 2222ಕ್ಕೆ ಹಾಕಿದೆ, ಸೇಫ್ ಅನ್ನುವವರು ಇದನ್ನು ಓದಬೇಕು.

ಆಗುಂಬೆ ಮಳೆ

ಕರೆಂಟ್ ಹೋದರೆ ಲಾಗ್ ಉಳಿಯುತ್ತದಾ? ನಮ್ಮಲ್ಲಿ ಜುಲೈಯಲ್ಲಿ ಮರ ಬಿದ್ದರೆ ಎರಡು ದಿನ ಕತ್ತಲೆ.

ವಿನೋಬನಗರ ಲಿನಕ್ಸ್

ಉಳಿಯುವುದಿಲ್ಲ. ಅದರ ಲಾಗ್ ರ್‍ಯಾಮ್‌ನಲ್ಲಿ ಇರುತ್ತದೆ. ಒಂದು ರಾಸ್‌ಬೆರಿ ಪೈ (ಸಣ್ಣ ಕಂಪ್ಯೂಟರ್) ಇಟ್ಟು ಸಿಸ್‌ಲಾಗ್, ಅಂದರೆ ರೂಟರ್‌ನ ಲಾಗ್, ಅಲ್ಲಿಗೆ ಕಳಿಸಿ, ಎರಡನ್ನೂ ಇನ್ವರ್ಟರ್ ಮೇಲೆ ಹಾಕಿ. ಇನ್ನೊಂದು ಗಮನಿಸಿ. ಹೆಚ್ಚಿನ ಮನೆ ರೂಟರ್‌ಗಳಲ್ಲಿ ಗಡಿಯಾರಕ್ಕೆ ಬ್ಯಾಟರಿ ಇಲ್ಲ. ಕರೆಂಟ್ ಬಂದ ತಕ್ಷಣ ಹಳೇ ದಿನಾಂಕ ಇರುತ್ತದೆ, ಎನ್‌ಟಿಪಿಯಿಂದ (ನೆಟ್‌ವರ್ಕ್ ಮೂಲಕ ಟೈಮ್ ಕೊಡುವ ವ್ಯವಸ್ಥೆ) ಟೈಮ್ ಸಿಕ್ಕ ಮೇಲೆ ಸರಿಹೋಗುತ್ತದೆ. ಆ ನಡುವಿನ ಸಾಲುಗಳನ್ನು ಲೆಕ್ಕದಿಂದ ಬಿಡಿ, ಇಲ್ಲದಿದ್ದರೆ ನಿಮ್ಮ ದಿನವಹಿ ಲೆಕ್ಕ ಎಲ್ಲ ಅಡ್ಡಾದಿಡ್ಡಿ.

ಆಗುಂಬೆ ಮಳೆ

ಪೈ ಸರಿ, ಆದರೆ ಸಿಡಿಲಿಗೆ ಏನು ಮಾಡುತ್ತೀರಿ? ನಮ್ಮ ಸುತ್ತಮುತ್ತ ಏಪ್ರಿಲ್-ಮೇ ಗುಡುಗಿಗೆ ಓಎನ್‌ಟಿ (ಫೈಬರ್ ಡಬ್ಬ) ಸುಟ್ಟ ಮನೆ ಲೆಕ್ಕ ಇಲ್ಲ. ಫೈಬರ್‌ಗೆ ಸಿಡಿಲು ಬರಲ್ಲ ಅಂತಾರೆ, ಬರುವುದು ಕರೆಂಟ್ ತಂತಿಯಲ್ಲಿ.

ಅಡಿಕೆ ಅಂಗಳ

ನಮ್ಮಲ್ಲಿ ಕ್ಯಾಮೆರಾದ ಉದ್ದ ಕೇಬಲ್ ಮೂಲಕವೇ ಬಂದು ಡಿವಿಆರ್ ಹೋಗಿತ್ತು. ಗುಡುಗು ಶುರುವಾದರೆ ಈಗ ಎಲ್ಲ ಪ್ಲಗ್ ಕೀಳುತ್ತೇವೆ.

ಭದ್ರಾವತಿ ಕ್ಯಾಮೆರಾ

ಅರ್ಥಿಂಗ್ ಸರಿ ಇರಬೇಕು ಸರ್. ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನು ಬರೆಯುತ್ತೇನೆ.

ವಿದ್ಯಾನಗರ ಹಾಸ್ಟೆಲ್

ಒಂದು ಪ್ರಶ್ನೆ. ನಾನು ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹುಡುಕುವುದು) ನೋಡಿದಾಗ ಶೋಡಾನ್, ಸೆನ್ಸಿಸ್, ಶ್ಯಾಡೋಸರ್ವರ್ ಅಂತ ಹೆಸರುಗಳು ಬಂದವು. ಇವರೆಲ್ಲ ಸಂಶೋಧನೆಗೆ ಮಾಡುತ್ತಾರೆ, ಒಳ್ಳೆಯವರು ಅಂತ ನಮ್ಮ ಸೀನಿಯರ್ ಹೇಳಿದರು. ಹಾಗಾದರೆ ಬಿಟ್ಟುಬಿಡಬಹುದಲ್ವಾ?

ಕೋಟೆ ರಸ್ತೆ

ನನ್ನ ಅಪ್ಪಣೆ ಇಲ್ಲದೆ ನನ್ನ ಮನೆ ನೋಡಿ ಪಟ್ಟಿ ಮಾಡಿ ಮಾರುವವರು ಹೇಗೆ ಒಳ್ಳೆಯವರು? ಶೋಡಾನ್ 2009ರಿಂದ ಇದೇ ಮಾಡುತ್ತಿದೆ. ಅಲ್ಲಿ ದುಡ್ಡು ಕೊಟ್ಟು ಹುಡುಕುವವನು ಕಳ್ಳನೂ ಆಗಿರಬಹುದು.

ಸೊರಬದವನು, ಈಗ ಬೆಂಗಳೂರು

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಕೋಟೆ ರಸ್ತೆಯವರೇ. ಶ್ಯಾಡೋಸರ್ವರ್ ಲಾಭಕ್ಕಾಗಿ ನಡೆಯುವ ಸಂಸ್ಥೆ ಅಲ್ಲ. ಸ್ಕ್ಯಾನ್ ಮಾಡಿ ಸಿಕ್ಕಿದ್ದನ್ನು ಆ ನೆಟ್‌ವರ್ಕ್ ನಡೆಸುವವರಿಗೆ, ಆಯಾ ದೇಶದ ಸರ್ಟ್ (ಸೈಬರ್ ತುರ್ತು) ತಂಡಗಳಿಗೆ ಪುಕ್ಕಟೆ ಕೊಡುತ್ತಾರೆ. ಆಸ್ಪತ್ರೆಯದೋ ಸಹಕಾರ ಸಂಘದ್ದೋ ಕಂಪ್ಯೂಟರ್ ಬಾಗಿಲು ತೆರೆದಿದೆ ಅಂತ ಮೊದಲು ತಿಳಿಯುವುದೇ ಎಷ್ಟೋ ಸಲ ಅವರಿಂದ. ಸೆನ್ಸಿಸ್ ಕೂಡ ಝಡ್‌ಮ್ಯಾಪ್ ಮಾಡಿದ ಅದೇ ಮಿಷಿಗನ್ ತಂಡದಿಂದ 2015ರಲ್ಲಿ ಬಂತು. ಬೇಡ ಅಂದವರು ಬ್ಲಾಕ್ ಮಾಡಿಕೊಳ್ಳಲಿ ಅಂತ ತಮ್ಮ ಐಪಿಗಳನ್ನು ಅವರೇ ಬಹಿರಂಗ ಮಾಡಿದ್ದಾರೆ.

ನನಗೆ ಸಿಟ್ಟು ಇರುವುದು ಹೆಸರು ಹೇಳದೆ ಬರುವವರ ಮೇಲೆ. ಕ್ಲೌಡ್‌ನಲ್ಲಿ ಸರ್ವರ್ ಬಾಡಿಗೆಗೆ ಹಿಡಿದು, ಸ್ಕ್ಯಾನ್ ಮಾಡಿ, ಬಿಟ್ಟು ಹೋಗುತ್ತಾರೆ. ಮರುದಿನ ಅದೇ ಐಪಿ ಇನ್ಯಾವುದೋ ಅಂಗಡಿಯ ವೆಬ್‌ಸೈಟ್‌ಗೆ ಸಿಗುತ್ತದೆ. ಐಪಿ ಪಟ್ಟಿ ಯಾಕೆ ಬೇಡ ಅಂದೆ ಅಂತ ಈಗ ತಿಳಿಯಿತಲ್ಲ.

ಕೋಟೆ ರಸ್ತೆ

ಆಯ್ತು, ಶ್ಯಾಡೋಸರ್ವರ್ ಬಿಟ್ಟೆ. ಉಳಿದವರ ಬಗ್ಗೆ ನನ್ನ ಮಾತು ಬದಲಾಗಲ್ಲ.

ರಿಪ್ಪನ್‌ಪೇಟೆ ರೂಟರ್

ನಾನೂ ಲಾಗ್ ಹಾಕಿ ನೋಡಿದೆ, ಒಂದು ಸಾಲೂ ಇಲ್ಲ. ನಮ್ಮದು ತುಂಬಾ ಸೇಫ್ ಅಂತ ಅರ್ಥಾನಾ?

ಕೊಪ್ಪ ಕಾಫಿ

ರೂಟರ್‌ನಲ್ಲಿ ವ್ಯಾನ್ ಐಪಿ (ಹೊರಗಿನ ಕಡೆಯ ವಿಳಾಸ) ನೋಡಿ. 100.64ರಿಂದ 100.127ರ ಒಳಗೆ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಪಬ್ಲಿಕ್ ಐಪಿಯನ್ನು ಐಎಸ್‌ಪಿ ಎಷ್ಟೋ ಮನೆಗಳಿಗೆ ಹಂಚಿದೆ. ಹೊರಗಿನ ಸ್ಕ್ಯಾನ್ ಅವರ ಯಂತ್ರದಲ್ಲೇ ನಿಲ್ಲುತ್ತದೆ.

ಆದರೆ ಐಪಿವಿ6 (ಹೊಸ ಮಾದರಿಯ ಉದ್ದ ವಿಳಾಸ) ಇದೆಯಾ ನೋಡಿ. ಜಿಯೋ ತರದ ಲೈನ್‌ಗಳಲ್ಲಿ ಐಪಿವಿ6 ಇರುತ್ತದೆ, ಅಲ್ಲಿ ನ್ಯಾಟ್ (ಒಂದು ವಿಳಾಸ ಹಲವರು ಹಂಚಿಕೊಳ್ಳುವುದು) ಇಲ್ಲ, ಮನೆಯ ಪ್ರತಿ ಫೋನು, ಟಿವಿಗೆ ಅದರದೇ ಪಬ್ಲಿಕ್ ವಿಳಾಸ. ಸಾಲಾಗಿ ಸ್ಕ್ಯಾನ್ ಮಾಡಿ ಹುಡುಕಲು ಆಗುವುದಿಲ್ಲ, ಒಂದು ಮನೆಗೆ ಸಿಗುವ ವಿಳಾಸಗಳ ಗುಂಪಿನಲ್ಲೇ (/64) ಇಡೀ ಐಪಿವಿ4ಗಿಂತ 400 ಕೋಟಿ ಪಟ್ಟು ಹೆಚ್ಚು ವಿಳಾಸ. ಆದರೂ ನಿಮ್ಮ ವಿಳಾಸ ನೀವು ಹೋದ ಕಡೆಯೆಲ್ಲ ಗೊತ್ತಾಗುತ್ತದೆ. ರೂಟರ್‌ನಲ್ಲಿ ಐಪಿವಿ6 ಫೈರ್‌ವಾಲ್ ಆನ್ ಇರಲೇಬೇಕು.

ಸಾಗರ ಶರಾವತಿ

ಎಲ್ಲರೂ ಒಳಗೆ ಬರುವುದನ್ನೇ ನೋಡುತ್ತಿದ್ದೀರಿ. ನಾನು ಕೇಳುವುದು ಬೇರೆ. ನಿಮ್ಮ ಮನೆಯಿಂದ ಹೊರಗೆ ಹೋಗುವುದನ್ನು ಯಾರಾದರೂ ಲಾಗ್ ಮಾಡುತ್ತಿದ್ದೀರಾ?

ಹಕ್ಕಿಯವರ ಲಾಗ್‌ನಲ್ಲಿ ಇರುವ ಐಪಿಗಳು ಯಾರವು? ಅದರಲ್ಲಿ ಬಹಳಷ್ಟು ಬೇರೆ ಊರಿನ ಬೇರೆ ಮನೆಗಳ ಕ್ಯಾಮೆರಾ, ರೂಟರ್, ಟಿವಿ ಬಾಕ್ಸ್. ಆ ಮನೆಯವರಿಗೆ ಗೊತ್ತೇ ಇಲ್ಲ. ಹಾಗಾದರೆ ನಮ್ಮ ಮನೆಯ ಡಬ್ಬಗಳು ಯಾರದೋ ಲಾಗ್‌ನಲ್ಲಿ ಕಾಣುತ್ತಿಲ್ಲ ಅಂತ ಹೇಗೆ ಹೇಳುತ್ತೀರಿ?

ಕಳೆದ ಅಡಿಕೆ ಸೀಸನ್‌ನಲ್ಲಿ ನಮ್ಮ ಭಾವನ ಮನೆಯಲ್ಲಿ ಇಂಟರ್ನೆಟ್ ಸ್ಲೋ ಅಂತ ಕರೆದರು. ಲೈನ್ ಸರಿ ಇತ್ತು, ಫೈಬರ್‌ನ ಬೆಳಕೂ ಸರಿ ಇತ್ತು. ಲ್ಯಾನ್‌ನಿಂದ ವ್ಯಾನ್‌ಗೆ (ಮನೆ ಒಳಗಿನಿಂದ ಹೊರಗೆ) ಹೋಗುವ 23, 2323, 5555 ಪೋರ್ಟ್‌ಗಳನ್ನು ರಿಜೆಕ್ಟ್ ಮಾಡಿ ಲಾಗ್ ಆಗುವ ಒಂದು ರೂಲ್ ಹಾಕಿದೆ. ಹಾಕಿದ ಕೂಡಲೇ ಪರದೆ ತುಂಬಿತು. ಒಂದೇ ಒಳಗಿನ ಐಪಿ. ಹುಡುಕಿದರೆ ಟಿವಿ ಹಿಂದೆ ಇದ್ದ ಹೆಸರಿಲ್ಲದ ಆ್ಯಂಡ್ರಾಯ್ಡ್ ಬಾಕ್ಸ್. ಕ್ರಿಕೆಟ್ ಪುಕ್ಕಟೆ ಬರುತ್ತದೆ ಅಂತ ಯಾರೋ ಮಾರಿದ್ದು. ಭಾವನಿಗೆ ಮನಸ್ಸಿರಲಿಲ್ಲ, ಆದರೂ ಅದನ್ನು ಕಿತ್ತು ಹಾಕಿಸಿದೆ. ಆಮೇಲೆ ಲೈನ್ ಸ್ಲೋ ಅನ್ನುವ ಮಾತು ಬರಲಿಲ್ಲ.

5555 ಅಂದರೆ ಆ್ಯಂಡ್ರಾಯ್ಡ್ ಡೀಬಗ್ ಪೋರ್ಟ್, ಎಡಿಬಿ. ಅಗ್ಗದ ಬಾಕ್ಸ್‌ಗಳಲ್ಲಿ ಅದು ಪಾಸ್‌ವರ್ಡ್ ಇಲ್ಲದೆ ತೆರೆದೇ ಬರುತ್ತದೆ. ಹಕ್ಕಿಯವರ ಲಾಗ್‌ನಲ್ಲಿ ಅದು ಬಂದಿರುವುದು ಸುಮ್ನೆ ಅಲ್ಲ. ಕೆಲವು ಬಾಕ್ಸ್‌ಗಳಲ್ಲಂತೂ ಫ್ಯಾಕ್ಟರಿಯಿಂದ ಬರುವಾಗಲೇ ಮಾಲ್‌ವೇರ್ ಇರುತ್ತದೆ. 2023ರಲ್ಲಿ ಬ್ಯಾಡ್‌ಬಾಕ್ಸ್ ಅಂತ ಹೊರಬಂತು, 2025ರ ಜೂನ್‌ನಲ್ಲಿ ಅದರ ಎರಡನೆಯ ಅಲೆ ಬಗ್ಗೆ ಅಮೆರಿಕದ ಎಫ್‌ಬಿಐ ಎಚ್ಚರಿಕೆ ಕೊಟ್ಟಿತು. ಇಂಥ ಬಾಕ್ಸ್ ಇದ್ದರೆ ನಿಮ್ಮ ಮನೆ ಐಪಿಯನ್ನೇ ಬೇರೆಯವರಿಗೆ ಬಾಡಿಗೆಗೆ ಬಿಡುತ್ತಾರೆ. ಅಪರಾಧ ಅವರು ಮಾಡುತ್ತಾರೆ, ವಿಳಾಸ ನಿಮ್ಮದು.

ಕೋಟೆ ರಸ್ತೆ

ಇದು ಸರಿಯಾದ ಮಾತು. ನಮ್ಮ ಮನೆಯಲ್ಲೂ ಅಂಥದ್ದೇ ಬಾಕ್ಸ್ ಇದೆ. ಇವತ್ತು ರಾತ್ರಿ ರೂಲ್ ಹಾಕಿ ನೋಡುತ್ತೇನೆ.

ವಿದ್ಯಾನಗರ ಹಾಸ್ಟೆಲ್

ರಿಜೆಕ್ಟ್ ಯಾಕೆ, ಡ್ರಾಪ್ ಯಾಕಲ್ಲ?

ಸಾಗರ ಶರಾವತಿ

ಒಳಗಿನಿಂದ ಹೋಗುವುದಕ್ಕೆ ರಿಜೆಕ್ಟ್ ಒಳ್ಳೆಯದು. ತಪ್ಪಿ ಒಳ್ಳೆಯ ಪ್ರೋಗ್ರಾಂ ಸಿಕ್ಕಿಬಿದ್ದರೆ ತಕ್ಷಣ 'ಆಗಲ್ಲ' ಅಂತ ತಿಳಿಯುತ್ತದೆ, ಸುಮ್ಮನೆ ಕಾಯುತ್ತಾ ಕೂರುವುದಿಲ್ಲ. ಹೊರಗಿನಿಂದ ಬರುವುದಕ್ಕೆ ಡ್ರಾಪ್ ಇರಲಿ.

ಮಂಡಗದ್ದೆ ಹಕ್ಕಿ

ಶರಾವತಿಯವರೇ, ಹಾಕಿ ನೋಡಿದೆ. ನಮ್ಮಲ್ಲಿ ಸದ್ಯಕ್ಕೆ ಏನೂ ಇಲ್ಲ, ರೂಲ್ ಹಾಗೇ ಇರುತ್ತದೆ. ಪಕ್ಕದ ಮನೆಯವರದ್ದನ್ನೂ ಭಾನುವಾರ ನೋಡಿ ಕೊಡುತ್ತೇನೆ ಅಂದಿದ್ದೇನೆ. ದೂರಿನ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಸೊರಬದವನು, ಈಗ ಬೆಂಗಳೂರು

ಬರುವ ಸ್ಕ್ಯಾನ್ ಬಗ್ಗೆ ಒಂದೊಂದಕ್ಕೂ ದೂರು ಕೊಟ್ಟರೆ ಯಾರೂ ನೋಡುವುದಿಲ್ಲ, ನೋಡಲು ಆಗುವುದೂ ಇಲ್ಲ. 1930 ಹಣದ ವಂಚನೆಗೆ ಇರುವ ನಂಬರ್, ಅಲ್ಲಿ ಇದನ್ನು ಹೇಳಿ ಲೈನ್ ಹಿಡಿದಿಡಬೇಡಿ. ನಿಮ್ಮದೇ ಯಂತ್ರಕ್ಕೆ ಸೋಂಕು ಅನ್ನಿಸಿದರೆ ಸರ್ಟ್-ಇನ್ ನಡೆಸುವ ಸೈಬರ್ ಸ್ವಚ್ಛತಾ ಕೇಂದ್ರ ಇದೆ, 2017ರಲ್ಲಿ ಶುರುವಾಗಿದ್ದು. ತೆಗೆಯುವ ಟೂಲ್‌ಗಳನ್ನು ಪುಕ್ಕಟೆ ಕೊಡುತ್ತಾರೆ.

ಅಡಿಕೆ ಅಂಗಳ

ಮಗನ ಹತ್ತಿರ ಕೇಳಿದೆ. ಐಪಿ ನಂಬರ್ ಹಾಕಿಯೇ ನೋಡುವುದಂತೆ. ಪಾಸ್‌ವರ್ಡ್ ಹಾಕಿಸಿದವರು ಕೊಟ್ಟದ್ದೇ. ಈಗ ಏನು ಮಾಡಲಿ? ಕ್ಯಾಮೆರಾ ಬಂದ್ ಮಾಡಲು ಆಗಲ್ಲ, ಅಂಗಳದಲ್ಲಿ ಮಾಲು ಇದೆ.

ಭದ್ರಾವತಿ ಕ್ಯಾಮೆರಾ

ಬಂದ್ ಬೇಡ ಸರ್. ಮೊದಲು ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ತೆಗೆಸಿ, ಯುಪಿಎನ್‌ಪಿ ಆಫ್ ಮಾಡಿಸಿ. ಯುಪಿಎನ್‌ಪಿ ಆನ್ ಇದ್ದರೆ ಡಿವಿಆರ್ ತಾನೇ ಹೋಗಿ ಪೋರ್ಟ್ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಬದಲಿಸಿ, ಪಂಚಾಂಗದ ಹಿಂದೆ ಬರೆದಿಟ್ಟರೂ ಪರವಾಗಿಲ್ಲ. ರೆಕಾರ್ಡಿಂಗ್ ನಿಲ್ಲುವುದಿಲ್ಲ, ಮಗನಿಗೆ ಮಾತ್ರ ಸ್ವಲ್ಪ ದಿನ ಕಾಣುವುದಿಲ್ಲ. ನನಗೆ ಖಾಸಗಿ ಮೆಸೇಜ್ ಹಾಕಿ, ಆ ಕಡೆ ಬಂದಾಗ ನೋಡಿಕೊಡುತ್ತೇನೆ.

ವಿನೋಬನಗರ ಲಿನಕ್ಸ್

ಮಗನಿಗೆ ವೈರ್‌ಗಾರ್ಡ್ (ಮನೆ ನೆಟ್‌ವರ್ಕ್‌ಗೆ ಬರುವ ಗುಟ್ಟಿನ ದಾರಿ, ವಿಪಿಎನ್) ಮಾಡಿಕೊಡಿ. ಕೀ ಇಲ್ಲದವನು ಆ ಪೋರ್ಟ್‌ಗೆ ಏನೇ ಕಳಿಸಿದರೂ ಅದು ಉತ್ತರವನ್ನೇ ಕೊಡುವುದಿಲ್ಲ. ಸ್ಕ್ಯಾನ್ ಮಾಡುವವರಿಗೆ ಅಲ್ಲಿ ಪೋರ್ಟ್ ತೆರೆದಿದೆ ಅಂತಲೂ ತಿಳಿಯುವುದಿಲ್ಲ. ಡಿವಿಆರ್ ಹೊರಗೆ ಹೋಗದ ಹಾಗೆ ರೂಟರ್‌ನಲ್ಲೇ ತಡೆಯಿರಿ.

ಭದ್ರಾವತಿ ಕ್ಯಾಮೆರಾ

ತಡೆದರೆ ಡಿವಿಆರ್ ಟೈಮ್ ತಪ್ಪುತ್ತದೆ. ಕಳ್ಳತನ ಆದಾಗ ಪೊಲೀಸರು ಮೊದಲು ಕೇಳುವುದೇ ಟೈಮ್. ಅರ್ಧ ಗಂಟೆ ಹಿಂದೆಮುಂದೆ ಇದ್ದರೆ ಫೂಟೇಜ್ ಹುಡುಕಿ ಸಾಕಾಗುತ್ತದೆ.

ವಿನೋಬನಗರ ಲಿನಕ್ಸ್

ಅದಕ್ಕೆ ದಾರಿ ಇದೆ. ಓಪನ್‌ಡಬ್ಲ್ಯುಆರ್‌ಟಿ ರೂಟರ್ ತಾನೇ ಎನ್‌ಟಿಪಿ ಸರ್ವರ್ ಆಗಬಹುದು, ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಅಷ್ಟೇ. ಡಿವಿಆರ್‌ನ ಎನ್‌ಟಿಪಿ ಜಾಗದಲ್ಲಿ ರೂಟರ್‌ನ ಒಳಗಿನ ಐಪಿ ಕೊಡಿ. ಹೊರಗೆ ಹೋಗದೆಯೇ ಟೈಮ್ ಸರಿ ಇರುತ್ತದೆ.

ಭದ್ರಾವತಿ ಕ್ಯಾಮೆರಾ

ಇದು ಗೊತ್ತಿರಲಿಲ್ಲ. ಹೊಸನಗರದಲ್ಲಿ ಹಾಗೇ ಮಾಡಿ ನೋಡುತ್ತೇನೆ. ಐಎಸ್‌ಪಿ ಕೊಟ್ಟ ಮಾಮೂಲಿ ರೂಟರ್‌ನಲ್ಲೂ ಈ ಎನ್‌ಟಿಪಿ ಟಿಕ್ ಇರುತ್ತದಾ?

ವಿನೋಬನಗರ ಲಿನಕ್ಸ್

ಹೆಚ್ಚಿನವುಗಳಲ್ಲಿ ಇರುವುದಿಲ್ಲ. ಹಾಗಿದ್ದರೆ ಡಿವಿಆರ್‌ಗೆ ಯುಡಿಪಿ 123 ಮಾತ್ರ ಹೊರಗೆ ಬಿಡಿ, ಉಳಿದದ್ದು ಬಂದ್. ಅಷ್ಟು ರೂಲ್ ಹಾಕಲೂ ಬರದ ಡಬ್ಬವಾದರೆ ಅದರ ಹಿಂದೆ ಸಣ್ಣ ರೂಟರ್ ಒಂದು ಇಡಲೇಬೇಕು.